ಹೊರದೇಶಕ್ಕೆ ಹೋದ ಕೀಪರ್ ಬೆಂಚಿನಲ್ಲೇ ಕೂರುವುದು ಯಾಕೆ?

ಆಸ್ಟಿನ್‌ಟೌನ್_10:
ಭಾರತದ ಫುಟ್‌ಬಾಲ್ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಬಿಟ್ಟು ನಾರ್ವೆಯ ಸ್ತಾಬೆಕ್ ಕ್ಲಬ್ ಸೇರಿದರು. ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರ ಮೇನಲ್ಲಿ. 2017ಕ್ಕೆ ಬೆಂಗಳೂರು ಎಫ್‌ಸಿಗೆ ಬಂದರು. ಅಷ್ಟು ಎತ್ತರ, ಒಳ್ಳೆ ಕೈ, ಆದರೂ ಯಾಕೆ ಅಷ್ಟು ದಿನ ಕಾಯಬೇಕಾಯಿತು? ಈಗ 17 ದಾಟಿದ ಹುಡುಗನಿಗೆ ಯುರೋಪಿನಿಂದ ಟ್ರಯಲ್ ಕರೆ ಬಂದರೆ ಏನೇನು ನೋಡಿ ಒಪ್ಪಬೇಕು?

ಎರಡನೇ_ಪೋಸ್ಟ್:
ಕೀಪರ್‌ಗೆ ಇರುವ ಜಾಗ ಒಂದೇ ಸಾರ್. ವಿಂಗರ್, ಅಂದರೆ ಅಂಚಿನಲ್ಲಿ ಓಡಿ ಆಡುವವನು ಆದರೆ 70ನೇ ನಿಮಿಷಕ್ಕೆ ಇಳಿಸಿ ನೋಡ್ತಾರೆ. ಕೀಪರ್ ಬದಲಾಗಬೇಕಾದರೆ ಗಾಯವೋ ಕೆಂಪು ಕಾರ್ಡೋ ಆಗಬೇಕು. ನಾರ್ವೆಯಲ್ಲಿ ಸೀಸನ್ ಚಳಿಗಾಲ ಕಳೆದ ಮೇಲೆ ಶುರು. ಆಗಸ್ಟ್‌ಗೆ ಹೋದವನ ಮುಂದೆ ನಂಬರ್ ಒನ್, ಅಂದರೆ ತಂಡದ ಮೊದಲ ಆಯ್ಕೆಯ ಕೀಪರ್, ಆಗಲೇ ಗಟ್ಟಿಯಾಗಿ ಕೂತಿರುತ್ತಾನೆ. ಸ್ತಾಬೆಕ್‌ನಲ್ಲಿ ಅದು ಐವರಿ ಕೋಸ್ಟ್‌ನ ಸಯೂಬಾ ಮಾಂಡೆ. ಹಾಗಿದ್ದೂ 2016ರ ಜೂನ್‌ನಲ್ಲಿ ವೇಲ್ಸ್‌ನ ಕಾನಾಸ್ ಕೀ ವಿರುದ್ಧ ಯುರೋಪಾ ಲೀಗ್ ಅರ್ಹತಾ ಪಂದ್ಯದಲ್ಲಿ ಗುರ್‌ಪ್ರೀತ್ ಗೋಲು ಕಾದರು.

ಆದ್ದರಿಂದ ಕ್ಲಬ್ಬಿನ ಹೆಸರಿಗಿಂತ ಮೊದಲು ಅಲ್ಲಿನ ನಂಬರ್ ಒನ್ ವಯಸ್ಸೆಷ್ಟು, ಕಾಂಟ್ರಾಕ್ಟ್ ಎಷ್ಟು ವರ್ಷ ಉಳಿದಿದೆ ನೋಡಿ. 25ರ ಕೀಪರ್‌ಗೆ ಇನ್ನೂ ಮೂರು ವರ್ಷ ಇದ್ದರೆ ನಿಮ್ಮ ಹುಡುಗನಿಗೆ ಬೆಂಚು ಖಾಯಂ. ಎರಡನೇ ತಂಡ ಯಾವ ಡಿವಿಷನ್‌ನಲ್ಲಿ ಆಡುತ್ತದೆ, ಕೆಳಗಿನ ಡಿವಿಷನ್‌ನ ಕ್ಲಬ್ಬಿಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲ ಆಡಲು, ಕಳಿಸ್ತಾರಾ ಎಂದು ಸಹಿಗೆ ಮುಂಚೆಯೇ ಕೇಳಿ. ನನ್ನ ಪ್ರಕಾರ ಮೂರನೇ ಡಿವಿಷನ್‌ನಲ್ಲಿ 25 ಪಂದ್ಯ ಆಡುವುದು ಮೊದಲ ಡಿವಿಷನ್ ಬೆಂಚಿಗಿಂತ ಎಷ್ಟೋ ವಾಸಿ.

ಕಾಗದಪತ್ರ_ಕೃಷ್ಣ:
18 ತುಂಬದೆ ಸಹಿಯ ಮಾತೇ ಬೇಡ. ಫಿಫಾ ನಿಯಮದಲ್ಲಿ 16ಕ್ಕೇ ಹೋಗುವ ವಿನಾಯಿತಿ ಯುರೋಪಿನೊಳಗಿನ ವರ್ಗಾವಣೆಗೆ, ನಮಗಲ್ಲ. ಆಮೇಲೆ ಹೊಸ ದೇಶದ ಫೆಡರೇಷನ್ ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕಡೆಯಿಂದ ವರ್ಗಾವಣೆ ಪ್ರಮಾಣಪತ್ರ, ಅಂದರೆ ಐಟಿಸಿ, ತರಿಸಿಕೊಳ್ಳಬೇಕು. ಕೆಲಸದ ಪರವಾನಗಿ ಬೇರೆಯೇ ಕಡತ, ಒಂದು ಬಂದರೆ ಇನ್ನೊಂದು ಬಂದ ಹಾಗಲ್ಲ.

ಜನ ಮರೆಯುವುದು ತರಬೇತಿ ಪರಿಹಾರ. ಹುಡುಗ ಮೊದಲ ಸಲ ವೃತ್ತಿಪರನಾಗಿ ನೋಂದಾಯಿಸಿಕೊಂಡಾಗ, 12ನೇ ವಯಸ್ಸಿನಿಂದ ಕಲಿಸಿದ ಕ್ಲಬ್‌ಗಳಿಗೆ ಹೊಸ ಕ್ಲಬ್ ದುಡ್ಡು ಕೊಡಬೇಕು. ಟ್ರಯಲ್ ಚೆನ್ನಾಗಾದರೂ ಸಣ್ಣ ಕ್ಲಬ್ ಹಿಂದೆ ಸರಿಯುವುದು ಎಷ್ಟೋ ಸಲ ಇದಕ್ಕೇ. ಊರಿನ ಕ್ಲಬ್ ಆ ದುಡ್ಡು ಬಿಟ್ಟುಕೊಡಲು ತಯಾರಿದ್ದರೆ ಲಿಖಿತದಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ. ಟ್ರಯಲ್‌ಗೆಂದು ಮುಂಗಡ ಕೇಳುವ ಏಜೆಂಟ್ ಸಿಕ್ಕರೆ ಫಿಫಾ ಲೈಸೆನ್ಸ್ ಪಟ್ಟಿಯಲ್ಲಿ ಹೆಸರು ಹುಡುಕಿ.

ಆಸ್ಟಿನ್‌ಟೌನ್_10:
ಪರಿಹಾರದ ವಿಷಯ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಟ್ರಯಲ್‌ನಲ್ಲಿ ಮೈದಾನದಲ್ಲಿ ಎಡವುವುದು ಎಲ್ಲಿ?

ನೆಟ್_ಹಿಂದೆ:
ಬಾಯಲ್ಲಿ! ಶಾಟ್ ಹಿಡಿಯೋದು ಎಲ್ಲರಿಗೂ ಬರುತ್ತೆ. ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು, ಹೊಡೆದವನ ಕಾಲಿನಿಂದ ಚೆಂಡು ಬಿಟ್ಟ ತಕ್ಷಣ 'ಕೀಪರ್' ಅಂತ ಕೂಗಬೇಕು. ಅರ್ಧ ಸೆಕೆಂಡ್ ತಡವಾದರೆ ಡಿಫೆಂಡರ್ ಜಿಗಿಯಲು ಹೋಗಿ ನಿಲ್ಲುತ್ತಾನೆ, ಕೀಪರೂ ತಡೆಯುತ್ತಾನೆ, ಚೆಂಡು ಇಬ್ಬರ ನಡುವೆ ಬೀಳುತ್ತೆ. ಹೋಗುವ ಮುಂಚೆ ಅಲ್ಲಿನ ಭಾಷೆಯ ಐದಾರು ಕೂಗು ಬಾಯಿಪಾಠ ಮಾಡಿಸಿ. ನಾರ್ವೆಯಲ್ಲಿ ಡಿಫೆನ್ಸ್ ಮುಂದೆ ಹೋಗಲಿ ಅನ್ನೋದಕ್ಕೆ 'ಊತ್', ನಮ್ಮ ಕಿವಿಗೆ ಊಟಕ್ಕೆ ಕರೆದ ಹಾಗೆ.

ಗ್ಲೌಸ್ ಎರಡು ಜೊತೆಯಾದರೂ ಬೇಕು. ಚಳಿಗೆ ಗ್ಲೌಸಿನ ಅಂಗೈಯ ಲೇಟೆಕ್ಸ್ (ರಬ್ಬರ್ ಪದರ) ಬಿರುಸಾಗಿ ಚೆಂಡು ಅಂಟಲ್ಲ, ಇಳಿಯುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ತೇವ ಮಾಡಿಕೊಳ್ಳಲಿ. ಕೃತಕ ಹುಲ್ಲು ಅಲ್ಲಿ ಜಾಸ್ತಿ. ಬಿದ್ದು ಏಳುವಾಗ ಅಂಗೈ ಊರಿದರೆ ಲೇಟೆಕ್ಸ್ ಕಿತ್ತು ಬರುತ್ತೆ, ಮುಷ್ಟಿ ಊರಿ ಏಳುವ ಅಭ್ಯಾಸ ಇಲ್ಲೇ ಆಗಲಿ. ಒಣಗಿಸಲು ಹೀಟರ್ ಮೇಲೆ ಇಟ್ಟರೆ ಬಿರುಕು ಬಿಡುತ್ತೆ, ನೆರಳಲ್ಲಿ ನೇತುಹಾಕಿದರೆ ಸಾಕು.