ಮನೆಯಲ್ಲಿ ಮದ್ದು ದಂಡವಾಗುವುದು ಹೇಗೆ ನಿಂತಿತು? ನಿಮ್ಮ ಅನುಭವ ಹೇಳಿ

ಕುಂಬಳೆ ಸೊಸೆ:
ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಮಂಗಳೂರಿನ ಡಾಕ್ಟರು ಹೋದಾಗಲೆಲ್ಲ ಒಂದೆರಡು ಮಾತ್ರೆ ಬದಲಿಸುತ್ತಾರೆ. ಹಳೆಯದು ಬಿಸ್ಕೆಟ್ ಡಬ್ಬಕ್ಕೆ ಸೇರುತ್ತದೆ. ಬಿಸಾಡಲು ಅತ್ತೆ ಬಿಡುವುದಿಲ್ಲ, ದುಡ್ಡು ಕೊಟ್ಟದ್ದಲ್ವಾ ಅನ್ನುತ್ತಾರೆ. ತರುವಾಗಲೇ ಕಡಿಮೆ ತರೋಣ ಅಂದರೆ ಗಂಡ ಕೇಳುವುದಿಲ್ಲ. ನಿಮ್ಮ ಮನೆಯವರ ಮನಸ್ಸು ಬದಲಾದದ್ದು ಯಾವುದರಿಂದ? ದುಡ್ಡಿನಿಂದಲಾ, ಹೆದರಿಕೆಯಿಂದಲಾ?

ಮುಳ್ಳೇರಿಯ ಅಡಿಕೆ:
ದುಡ್ಡಿನಿಂದಲೇ. ಬೇರೆ ಯಾವ ಕಾರಣ ಹೇಳಿದರೂ ನಾನು ನಂಬುವುದಿಲ್ಲ.
ಅಪ್ಪನಿಗೆ ಶುಗರ್ ಜೊತೆಗೆ ಕಿಡ್ನಿ ತೊಂದರೆ. ರಕ್ತ ಏರಲು ಎರಿತ್ರೊಪೊಯಿಟಿನ್ ಇಂಜೆಕ್ಷನ್ ಬರೆದರು. ಒಂದಕ್ಕೆ 1,150 ರೂಪಾಯಿ. ಮಳೆಗಾಲದಲ್ಲಿ ಓಡಾಟ ಬೇಡ ಅಂತ ಆರು ತಂದು ಫ್ರಿಜ್‌ನಲ್ಲಿಟ್ಟೆವು. ಪಕ್ಕದಲ್ಲೇ ಇನ್ಸುಲಿನ್ ಪೆನ್ನು, ಐದರ ಪೆಟ್ಟಿಗೆ, 3,400. ಆಟಿ ತಿಂಗಳ ಗಾಳಿಗೆ ಮರ ಬಿದ್ದು ಲೈನು ಕಡಿಯಿತು. ಕರೆಂಟು ಬರುವಾಗ ಫ್ರಿಜ್ ಒಳಗೆ ಹಾಲು ಒಡೆದು ನಾರುತ್ತಿತ್ತು. ಎರಡೂ ಮದ್ದು 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ಇಂಜೆಕ್ಷನ್ ನಾಲ್ಕು ಉಳಿದಿತ್ತು, ಹೋಯಿತು, 4,600. ಇನ್ಸುಲಿನ್ ತಂಪಿನಿಂದ ಹೊರಗೆ ಬಂದರೆ ಸುಮಾರು ನಾಲ್ಕು ವಾರದೊಳಗೆ ಮುಗಿಸಬೇಕು. ಅಪ್ಪನಿಗೆ ಅಷ್ಟರಲ್ಲಿ ಎರಡೇ ಪೆನ್ನು ಸಾಕು. ಮೂರು ದಂಡ, 2,040. ಒಟ್ಟು 6,640. ಬಿಲ್ಲು ಹಿಡಿದುಕೊಂಡು ಅಂಗಡಿಗೆ ಹೋದೆ. ಮುಖ ಕೂಡ ನೋಡದೆ ಆಗುವುದಿಲ್ಲ ಅಂದರು.
ಈಗ ಬೇಕಾದಾಗ ಬೇಕಾದಷ್ಟೇ ತರುತ್ತೇನೆ. ಬಸ್ಸಿನ ಖರ್ಚು ಜಾಸ್ತಿ ಆಗುತ್ತದೆ, ಆಗಲಿ.

ಉಪ್ಪಳ ಮೆಡಿಕಲ್:
ಮುಖ ನೋಡದೆ ಅನ್ನುವ ಮಾತು ಬೇಡ ಅಣ್ಣ. ಫ್ರಿಜ್‌ನ ಮದ್ದು ನಮ್ಮ ಕೈಬಿಟ್ಟ ಮೇಲೆ ಯಾವ ಬಿಸಿಯಲ್ಲಿತ್ತು ಅಂತ ಯಾರಿಗೆ ಗೊತ್ತು? ಅದನ್ನು ವಾಪಸ್ ತೆಗೆದುಕೊಂಡು ಇನ್ನೊಬ್ಬರ ಅಪ್ಪನಿಗೆ ಕೊಡಬೇಕಾ?
ನಾನು ಕೌಂಟರಿನಲ್ಲಿ ನಿಂತು ನೋಡಿದ್ದನ್ನು ಹೇಳುತ್ತೇನೆ. ದೊಡ್ಡ ದಂಡ ಆಗುವುದು ಆಂಟಿಬಯಾಟಿಕ್. ಐದು ದಿನಕ್ಕೆ ಬರೆದಿರುತ್ತಾರೆ. ಎರಡು ದಿನದಲ್ಲಿ ಜ್ವರ ಇಳಿಯುತ್ತದೆ, ಉಳಿದದ್ದನ್ನು ಎತ್ತಿಡುತ್ತಾರೆ. ಮುಂದಿನ ಸಲ ಮಗುವಿಗೆ ಶೀತ ಆದಾಗ ಅದನ್ನೇ ಅರ್ಧ ಮಾಡಿ ಕೊಡುತ್ತಾರೆ. ಡಾಕ್ಟರ ಚೀಟಿ ಇಲ್ಲದೆ ತಿನ್ನಬಾರದು ಅಂತ ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದನ್ನು ಯಾರೂ ನೋಡುವುದಿಲ್ಲ. 2024ರಲ್ಲಿ ಕೇರಳದಲ್ಲಿ ಆಪರೇಶನ್ ಅಮೃತ್ ಶುರುವಾಯಿತು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವ ಅಂಗಡಿಗಳ ತಪಾಸಣೆ. ಆಗ ನಾವು ತಿಂದ ಬೈಗುಳ ಅಷ್ಟಿಷ್ಟಲ್ಲ. "ನಿನ್ನೆವರೆಗೆ ಕೊಡುತ್ತಿದ್ದೆಯಲ್ಲ" ಅಂತ ಕೌಂಟರ್ ಗುದ್ದಿದವರಿದ್ದಾರೆ. ಈಗ ಅವರೇ ಚೀಟಿ ತರುತ್ತಾರೆ, ಎಷ್ಟು ದಿನ ತಿನ್ನಬೇಕು ಅಂತಲೂ ಕೇಳುತ್ತಾರೆ. ಜನ ಬದಲಾಗುವುದು ಕಟ್ಟುನಿಟ್ಟು ಬಂದರೆ ಮಾತ್ರ.

ಮುಳ್ಳೇರಿಯ ಅಡಿಕೆ:
ಮೂರು ಮಾತ್ರೆ ಬೇಕಾದವನಿಗೆ ಹತ್ತರ ಸ್ಟ್ರಿಪ್ ಕೊಡುವವರು ಯಾರು? ಅದಕ್ಕೆ ಕಟ್ಟುನಿಟ್ಟು ಇಲ್ವಾ?

ಸುರಂಗದ ನೀರು:
ನೀವಿಬ್ಬರೂ ಕೊಡುವುದು, ಕೊಳ್ಳುವುದರಲ್ಲೇ ಇದ್ದೀರಿ. ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುತ್ತಿಲ್ಲ.
ನಮ್ಮದು ಕಾಸರಗೋಡಿನ ಎಣ್ಮಕಜೆ. ಕುಡಿಯುವುದು ಗುಡ್ಡದೊಳಗಿನ ಸುರಂಗದ ನೀರು. ಮಾವ ಹೋದ ಮೇಲೆ ಒಂದು ಗೋಣಿ ಮದ್ದು ಉಳಿಯಿತು. ಹೃದಯದ್ದು, ನೋವಿನದ್ದು, ಅರ್ಧ ಕುಡಿದ ಕೆಮ್ಮಿನ ಸಿರಪ್ಪು. ಮೈದುನ ಅದನ್ನು ಮೇಲಿನ ತೋಟದ ಗುಂಡಿಗೆ ಸುರಿಯಲು ಹೊರಟ. ಆ ಗುಂಡಿಯ ಕೆಳಗೇ ಸುರಂಗ. ನಾನು ಅಡ್ಡ ನಿಂತೆ, ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಇಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ. ಅಷ್ಟರಲ್ಲಿ ನಮ್ಮ ಮಕ್ಕಳ ಗತಿ ಏನಾಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನೀರಿಗೆ ಏನು ಸೇರುತ್ತದೆ ಅಂತ ನೋಡದೆ ಇರಲು ನಮ್ಮಿಂದ ಆಗುವುದಿಲ್ಲ.
ಆ ಗೋಣಿ ಬಿಚ್ಚಿ ಕೂತಾಗಲೇ ಮನೆಯವರಿಗೆಲ್ಲ ತಟ್ಟಿತು. ಖಾಲಿ ಸ್ಟ್ರಿಪ್ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ಕೊಟ್ಟೆವು. ಮಾತ್ರೆಗಳನ್ನು ಬಾಟಲಿಗೆ ತುಂಬಿಸಿ ಮುಚ್ಚಳ ಬಿಗಿದು ಅಟ್ಟದಲ್ಲಿಟ್ಟಿದ್ದೇನೆ. ಕೊಡಲು ಜಾಗ ಸಿಗುವವರೆಗೆ ಅಲ್ಲೇ ಇರಲಿ.

ಉಪ್ಪಳ ಮೆಡಿಕಲ್:
ಅಕ್ಕಾ, ನೋವಿನದ್ದು ಅಂದಿರಿ. ಅದರಲ್ಲಿ ಟ್ರಮಡಾಲ್ ಇದೆಯಾ ನೋಡಿ. 2025ರ ಮೇ ತಿಂಗಳಲ್ಲಿ ಕೇಂದ್ರದ ಔಷಧ ನಿಯಂತ್ರಣದವರು 17 ಮದ್ದಿನ ಪಟ್ಟಿ ಕೊಟ್ಟಿದ್ದಾರೆ. ಟ್ರಮಡಾಲ್, ಫೆಂಟನಿಲ್ ಎಲ್ಲ ಅದರಲ್ಲಿದೆ. ಇಂಥದ್ದನ್ನು ಮನೆಯಲ್ಲಿ ಇಡುವುದೇ ಅಪಾಯ, ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ ಅಂತ ಇದೆ. ಮಗು ಒಂದು ತಿಂದರೂ ಜೀವಕ್ಕೆ ಕುತ್ತು.

ಸುರಂಗದ ನೀರು:
ನಮ್ಮ ಟಾಯ್ಲೆಟ್‌ನ ಗುಂಡಿ ಇರುವುದೂ ಸುರಂಗ ಇರುವ ಅದೇ ಮುರಕಲ್ಲಿನಲ್ಲಿ, ನೀರು ಇಳಿಯುವ ಕೆಂಪು ಕಲ್ಲು ಅದು. ಪೇಟೆಯ ಪೈಪು ನೋಡಿ ಬರೆದದ್ದನ್ನು ಗುಡ್ಡದ ಮೇಲೆ ಇರುವವರಿಗೆ ಹೇಳಬೇಡಿ.

ಉಪ್ಪಳ ಮೆಡಿಕಲ್:
ನಾನು ಹೇಳಿದ್ದು ಆ 17ಕ್ಕೆ ಮಾತ್ರ. ಅಟ್ಟದಲ್ಲಿ ಟ್ರಮಡಾಲ್ ಇಟ್ಟುಕೊಂಡು ನೀರಿನ ಮಾತಾಡುವುದು ಸರಿಯಲ್ಲ.

ಬದಿಯಡ್ಕ ಪಾಲಿಯೇಟಿವ್:
ಜಗಳ ಬಿಡಿ. 2008ರಲ್ಲಿ ಪಾಲಿಯೇಟಿವ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆಗೆ ನೀತಿ ತಂದ ರಾಜ್ಯ ನಮ್ಮದು, ಮೊದಲು ತಂದದ್ದೇ ಕೇರಳ. ಅಮ್ಮ ತೀರಿಕೊಂಡ ವಾರದಲ್ಲೇ, ಒಡೆಯದ ಸ್ಟ್ರಿಪ್, ಡೈಪರ್, ಗಾಯದ ಬಟ್ಟೆ ಎಲ್ಲ ನಮ್ಮ ಊರಿನ ಘಟಕಕ್ಕೆ ಕೊಟ್ಟೆವು. ನರ್ಸ್ ಒಂದೊಂದೇ ಡೇಟು ನೋಡಿ ಆರಿಸಿದರು. ಅಮ್ಮನ ಮಾತ್ರೆ ಇನ್ನೊಬ್ಬ ಅಮ್ಮನಿಗೆ ಸಿಕ್ಕಿತು ಅನ್ನುವುದೇ ನನಗೆ ಸಾಕು. ಆಮೇಲೆ ನಾನೂ ಸ್ವಯಂಸೇವಕಿಯಾದೆ.
ಆದರೆ ಒಂದು ಮಾತು ಹೇಳಲೇಬೇಕು. ಡೇಟು ಮುಗಿದದ್ದು, ಲೇಬಲ್ ಹರಿದದ್ದು, ನೊಣ ಕೂತ ಸಿರಪ್ಪು ತಂದು ದಾನ ಅನ್ನುತ್ತಾರೆ. ಕಾರಿನಲ್ಲಿ ಬಂದು ಚೀಲ ಇಳಿಸಿ ಫೋಟೋ ತೆಗೆಸಿಕೊಂಡವರೂ ಇದ್ದಾರೆ. ನಿಮಗೆ ಬೇಡದ ಕಸ ಬಡವರಿಗೆ ಯಾಕೆ ಬೇಕು?

ಅಡೂರು ಮೇಷ್ಟ್ರು:
ಮದ್ದು ಉಳಿಯುವುದಕ್ಕೆ ಮುಖ್ಯ ಕಾರಣ ಓದಲು ಬಾರದಿರುವುದು. ನನ್ನ ತಾಯಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಗೊತ್ತಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ಕವರಿನ ಮೇಲೆ ಬರೆಯುವುದು ಮಲಯಾಳದಲ್ಲಿ. ಯಾವುದು ಯಾವ ಹೊತ್ತಿಗೆ ಅಂತ ಗೊತ್ತಾಗದೆ ಸುಮ್ನೆ ಬಿಡುತ್ತಿದ್ದರು. ತಿಂಗಳ ಕೊನೆಗೆ ಅರ್ಧ ಉಳಿಯುತ್ತಿತ್ತು, ಮೇಲಿಂದ ಹೊಸದು ಬರುತ್ತಿತ್ತು. ನಾನು ಸ್ಕೆಚ್ ಪೆನ್ನಿನಲ್ಲಿ "ಬೆಳಿಗ್ಗೆ ತಿಂಡಿ ಆದ ಮೇಲೆ", "ರಾತ್ರಿ ಮಲಗುವಾಗ" ಅಂತ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ಈಗ ಒಂದೂ ಉಳಿಯುವುದಿಲ್ಲ.

ಉಪ್ಪಳ ಮೆಡಿಕಲ್:
ಮೇಷ್ಟ್ರೇ, ಎಲ್ಲದಕ್ಕೂ ಭಾಷೆ ತರಬೇಡಿ. ನಮ್ಮಲ್ಲಿ ಕೇಳಿದರೆ ಕನ್ನಡದಲ್ಲೂ ಬರೆದು ಕೊಡುತ್ತೇವೆ.

ಅಡೂರು ಮೇಷ್ಟ್ರು:
ಭಾಷಾ ಅಲ್ಪಸಂಖ್ಯಾತರ ಊರಿನಲ್ಲಿ ಕೇಳಿದರೆ ಮಾತ್ರ ಯಾಕೆ? 2025ರಲ್ಲಿ ಕೋಯಿಕ್ಕೋಡಿನಲ್ಲಿ ಬೇಡದ ಮದ್ದು ಸಂಗ್ರಹಿಸಿ ಸುಡಲು ಕಳಿಸುವ ಎನ್‌ಪ್ರೌಡ್ ಅನ್ನುವ ಯೋಜನೆ ಶುರು ಮಾಡಿದರು. ಅದು ಕಾಸರಗೋಡಿಗೂ ಬರಬೇಕು. ಬಂದಾಗ ಪೆಟ್ಟಿಗೆಯ ಮೇಲೆ ಕನ್ನಡ ಇರಲೇಬೇಕು. ಇಲ್ಲದಿದ್ದರೆ ನಮ್ಮ ಅಜ್ಜಿಯಂದಿರು ಅದಕ್ಕೆ ಏನು ಹಾಕಬೇಕು ಅಂತ ಹೇಗೆ ತಿಳಿಯಬೇಕು?

ಸುರಂಗದ ನೀರು:
ಮೇಷ್ಟ್ರೇ, ಪಂಚಾಯತಿಗೆ ಅರ್ಜಿ ಬರೆಯಿರಿ, ನಾನು ಸಹಿ ಹಾಕುತ್ತೇನೆ.

ಮುಳ್ಳೇರಿಯ ಅಡಿಕೆ:
ಹತ್ತರ ಸ್ಟ್ರಿಪ್ ಬಗ್ಗೆ ನಾನು ಕೇಳಿದ್ದಕ್ಕೆ ಉಪ್ಪಳದವರು ಇನ್ನೂ ಉತ್ತರ ಕೊಟ್ಟಿಲ್ಲ.

ಉಪ್ಪಳ ಮೆಡಿಕಲ್:
ಡೇಟು, ಬ್ಯಾಚ್ ನಂಬರು ಸ್ಟ್ರಿಪ್‌ನ ಒಂದು ಕಡೆ ಮಾತ್ರ ಇರುತ್ತದೆ. ಮೂರು ಕತ್ತರಿಸಿ ಕೊಟ್ಟರೆ ಡೇಟಿಲ್ಲದ ಏಳನ್ನು ನಾನು ಯಾರಿಗೆ ಮಾರಲಿ?

ಮುಳ್ಳೇರಿಯ ಅಡಿಕೆ:
ಡೇಟಿರುವ ತುದಿ ನೀವೇ ಇಟ್ಟುಕೊಳ್ಳಿ. ನಮಗೆ ಬಿಲ್ಲು ಕೊಡಿ, ಅದರಲ್ಲಿ ಎರಡೂ ಇರುತ್ತದೆ. ಬಿಲ್ಲು ಕೊಡಲು ಏನು ಕಷ್ಟ?