ಪದಚರ್ಚೆ: ಬಂಡೆ ಹತ್ತುವವರ ಲೆಕ್ಕದ ಪುಸ್ತಕಕ್ಕೆ ‘ಬಚ್ಚು’ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ನನ್ನ ತಮ್ಮನ ಮಗ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕ್ಲೈಂಬಿಂಗ್ ಗೋಡೆಯಲ್ಲಿ ಅಭ್ಯಾಸ ಮಾಡುತ್ತಾನೆ. ಅವನ ಟ್ರೈನಿಂಗ್ ಲಾಗ್, ಅಂದರೆ ಅಭ್ಯಾಸದ ಲೆಕ್ಕ ಬರೆಯುವ ಪುಸ್ತಕ, ಪೂರ್ತಿ ಕನ್ನಡದಲ್ಲೇ ಇರಬೇಕಂತೆ. ಪದ ಹುಡುಕುವ ಕೆಲಸ ನನಗೆ ಬಂದಿದೆ. ಅದರಲ್ಲಿ ಮೈ ದಣಿವಿಗೆ ನಮ್ಮ ಕಡೆಯ ‘ಬಚ್ಚು’ ಅನ್ನುವ ಮಾತು ಆದೀತೇ ಅಂತ ಕೇಳಬೇಕಿತ್ತು.

ಪುಸ್ತಕಕ್ಕೆ ದಿನಚರಿ ಅನ್ನುವುದು ಬೇಡ, ಅದು ಮನಸ್ಸಿನ ಮಾತು ಬರೆಯುವ ಡೈರಿ ಆಗಿಬಿಡುತ್ತದೆ. ಅಂಗಡಿ ಲೆಕ್ಕದ ಕಿರ್ದಿ, ಖತಾವಣಿ ಚೆನ್ನಾಗಿ ಹೊಂದುತ್ತವೆ. ಆಯಾ ದಿನ ಮಾಡಿದ್ದೆಲ್ಲ ಕಿರ್ದಿಗೆ. ಆಮೇಲೆ ಅದನ್ನೇ ಬಿಡಿಸಿ, ಬೆರಳಿನ ಬಲಕ್ಕೊಂದು ಪುಟ, ಸಹನಶಕ್ತಿಗೊಂದು ಪುಟ ಅಂತ ಖತಾವಣಿಗೆ. ಬರೀ ಕಿರ್ದಿ ಇಟ್ಟರೆ ಎಲ್ಲಿ ಮುಂದೆ ಬಂದೆವು, ಎಲ್ಲಿ ನಿಂತೆವು ಅಂತ ಕಾಣುವುದಿಲ್ಲ.

ಹತ್ತುವುದು ಎಷ್ಟು ಕಷ್ಟ ಅಂತ ತೋರಿಸುವ ಗ್ರೇಡಿನಲ್ಲಿ ಲಿಪಿಯದೇ ತೊಡಕು. ಹಗ್ಗ ಕಟ್ಟಿ ಹತ್ತುವ ದಾರಿಗೆ ಫ್ರೆಂಚ್ ಗ್ರೇಡು, ಹಗ್ಗವಿಲ್ಲದೆ ಹತ್ತುವ ಬಂಡೆಗೆ ಫಾಂಟೆನ್‌ಬ್ಲೋ ಗ್ರೇಡು. ಎರಡರಲ್ಲೂ 7ಎ ಇದೆ, ಆದರೆ ಬಂಡೆಯ 7ಎ ಜಾಸ್ತಿ ಕಷ್ಟದ್ದು. ಇಂಗ್ಲಿಷಿನಲ್ಲಿ ದಾರಿಗೆ ಸಣ್ಣಕ್ಷರ, ಬಂಡೆಗೆ ದೊಡ್ಡಕ್ಷರ ಹಾಕಿ ಬೇರೆ ಮಾಡುತ್ತಾರೆ. ನಮ್ಮ ಲಿಪಿಯಲ್ಲಿ ಆ ಭೇದ ಇಲ್ಲವಲ್ಲ! ಬಾದಾಮಿಯ ದಾರಿ, ಹಂಪಿಯ ಬಂಡೆ ಎರಡೂ ಒಂದೇ ಪುಟದಲ್ಲಿ ಬಂದರೆ ಲೆಕ್ಕ ಕೆಡುತ್ತದೆ. ‘ಹಗ್ಗ 7ಎ’, ‘ಬಂಡೆ 7ಎ’ ಅಂತಲೇ ಬರೆಯುವುದು ವಾಸಿ.

ನಾನು ಮುಖ್ಯವಾಗಿ ಕೇಳಬೇಕೆಂದಿರುವುದು ದಣಿವಿನ ಕಾಲಮ್ಮಿನ ಬಗ್ಗೆ. ಎಷ್ಟು ದಣಿವಾಯಿತು ಅಂತ 1ರಿಂದ 10ರೊಳಗೆ ಅಂಕ ಹಾಕುವ ರೂಢಿ ಇದೆ. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ ಮೊದಲು ಮಾಡಿದ ಅಳತೆ 6ರಿಂದ 20ರದ್ದು. ಅಂಕವನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಎದೆಬಡಿತದ ಲೆಕ್ಕ ಸಿಗಬೇಕೆಂದು ಹಾಗೆ ಮಾಡಿದ್ದು. ಆದರೆ ಬಂಡೆ ಹತ್ತುವವರಿಗೆ ಒಂದೇ ಅಂಕ ಸಾಲದು. ಮುಂಗೈ ಉಬ್ಬಿ ಬಿಗಿದು ಹಿಡಿತ ಬಿಟ್ಟುಹೋಗುವುದೇ ಬೇರೆ, ಸ್ವಲ್ಪ ಹೊತ್ತು ಕೂತರೆ ಅದು ಇಳಿಯುತ್ತದೆ. ಇಡೀ ಮೈ ಸೋಲುವುದು ಬೇರೆ, ಅದಕ್ಕೆ ನಿದ್ದೆಯೇ ಬೇಕು. ಬೆರಳಿನ ಬುಡ ಒತ್ತಿದರೆ ನೋಯುವುದು ಇನ್ನೂ ಬೇರೆ. ಒಳಗಿನ ನರದಂಥ ಹುರಿಯನ್ನು ಮೂಳೆಗೆ ಒತ್ತಿ ಹಿಡಿಯುವ ಪಟ್ಟಿಗೆ ಪೆಟ್ಟಾಗಿದ್ದರೆ ವಾಸಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಮೂರನ್ನೂ ‘ಸುಸ್ತು’ ಅಂತ ಬರೆದರೆ ಯಾವತ್ತು ವಿಶ್ರಾಂತಿ ಬೇಕಿತ್ತು ಅನ್ನುವುದೇ ತಿಳಿಯುವುದಿಲ್ಲ.

ನಮ್ಮ ಕಡೆ ಹವ್ಯಕ ಮಾತಿನಲ್ಲೂ ತುಳುವಿನಲ್ಲೂ ಮೈ ದಣಿಯುವುದಕ್ಕೆ ‘ಬಚ್ಚುವುದು’ ಅನ್ನುತ್ತಾರೆ. ತೋಟದಲ್ಲಿ ಅಡಿಕೆ ಮರದಿಂದ ಇಳಿದವರು ‘ಬಚ್ಚಿತು’ ಅಂದರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ‘ಕೈ ಸೋತಿತು’ ಅಂದರೆ ಒಂದು ಲೋಟ ನೀರು ಕುಡಿದು ಮತ್ತೆ ಹತ್ತುತ್ತಾರೆ. ಹಾಗಾಗಿ ಬಚ್ಚು, ಕೈಸೋಲು, ಬೆರಳುನೋವು ಅಂತ ಮೂರು ಕಾಲಮ್ಮು ಮಾಡಬಹುದು ಅನಿಸುತ್ತದೆ.

ಘಟ್ಟದ ಮೇಲಿನವರಿಗೆ ‘ಬಚ್ಚು’ ಅಂದರೆ ಬಚ್ಚಲು, ಬಚ್ಚಿಡುವುದು ನೆನಪಾಗುತ್ತದೋ ಏನೋ. ನಿಮ್ಮ ಊರಲ್ಲಿ ಮೈ ದಣಿವಿಗೂ ಕೈ ದಣಿವಿಗೂ ಬೇರೆ ಬೇರೆ ಮಾತು ಇದೆಯಾ? ಇದ್ದರೆ ಊರಿನ ಹೆಸರಿನ ಜೊತೆ ತಿಳಿಸಿ.