ಟ್ರಾನ್ಸ್‌ಫಾರ್ಮರ್ ಎಣ್ಣೆ ಫಿಲ್ಟರ್ ಮಾಡಿಸಿದ್ರೆ ಸಾಕಾ, ಬದಲಿಸಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡ್ಕೊಳ್ತೀನಿ. ನಮ್ಮದು 11 ಕೆವಿ, 250 ಕೆವಿಎ ಟ್ರಾನ್ಸ್‌ಫಾರ್ಮರ್, ಹಳೇದು. ಮಳೆಗಾಲ ಮುಗಿದ ಮೇಲೆ ನೋಡಿದ್ರೆ, ಒಳಗೆ ಹೋಗೋ ಗಾಳಿಯ ತೇವ ಹೀರೋ ಬ್ರೀದರ್‌ನಲ್ಲಿದ್ದ ನೀಲಿ ಸಿಲಿಕಾ ಜೆಲ್ ಪೂರ್ತಿ ಗುಲಾಬಿ ಆಗಿತ್ತು, ಕೆಳಗಿನ ಕಪ್‌ನಲ್ಲಿ ಎಣ್ಣೆಯೇ ಇರಲಿಲ್ಲ. ಅಂದ್ರೆ ಹಸಿ ಗಾಳಿ ನೇರ ಒಳಗೆ ಹೋಗಿದೆ. ಜೆಲ್ ಬದಲಿಸಿದೆವು. ಎಣ್ಣೆ ಸ್ಯಾಂಪಲ್ ತೆಗೆದು ಬಿಡಿವಿ ಟೆಸ್ಟ್ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತೆ ಅನ್ನೋ ಪರೀಕ್ಷೆ) ಮಾಡಿಸಿದ್ರೆ 2.5 ಮಿಮೀ ಗ್ಯಾಪ್‌ಗೆ 22 ಕೆವಿ ಬಂತು. ಬಳಕೆಯಲ್ಲಿರೋ ಎಣ್ಣೆ ಈ ವೋಲ್ಟೇಜ್ ದರ್ಜೆಗೆ ಭಾರತೀಯ ಮಾನದಂಡ ಐಎಸ್ 1866 ಪ್ರಕಾರ 30ಕ್ಕಿಂತ ಕೆಳಗೆ ಇಳಿಯಬಾರದು.

ಫಿಲ್ಟರ್ ಮಾಡೋ ಕಾಂಟ್ರಾಕ್ಟರ್ "ಬಿಸಿ ಮಾಡಿ ವ್ಯಾಕ್ಯೂಮ್ ಕೊಟ್ರೆ 50 ದಾಟುತ್ತೆ, ಸಾಕು" ಅಂತಾರೆ. ನೀರಿನಂಶ, ಕಸ ಹೋಗುತ್ತೆ, ಒಪ್ತೀನಿ. ಆದ್ರೆ ಎಣ್ಣೆ ಕಡು ಕಂದು ಬಣ್ಣಕ್ಕೆ ತಿರುಗಿದೆ, ವಾಸನೆಯೂ ಘಾಟು. ಆಮ್ಲೀಯತೆ ಏರಿದ್ರೆ ಬರೀ ಫಿಲ್ಟರ್‌ನಿಂದ ಇಳಿಯಲ್ಲ. ಸ್ಲಡ್ಜ್ (ಎಣ್ಣೆ ಕೆಟ್ಟು ಆಗೋ ಜಿಗುಟು ಕೆಸರು) ವೈಂಡಿಂಗ್ ಮೇಲೆ ಕೂತ್ರೆ ಬಿಸಿ ಹೊರಗೆ ಹೋಗಲ್ಲ, ಇನ್ಸುಲೇಷನ್ ಕಾಗದ ಬೇಗ ಹಾಳಾಗುತ್ತೆ. ಎಣ್ಣೆ ಬದಲಿಸಬಹುದು, ಕಾಗದ ಹೋದ್ರೆ ರೀವೈಂಡಿಂಗೇ ಗತಿ.

ತಿಳಿದವರು ದಯವಿಟ್ಟು ಹೇಳಿ. ಆಮ್ಲೀಯತೆ, ಡಿಜಿಎ (ಎಣ್ಣೆಯಲ್ಲಿ ಕರಗಿದ ಗ್ಯಾಸ್‌ಗಳ ಪರೀಕ್ಷೆ) ಟೆಸ್ಟ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆ ಯಾರಾದ್ರೂ ಮಾಡ್ತಾರಾ, ಬೆಂಗಳೂರಿನ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐಗೇ ಕಳಿಸಬೇಕಾ? ಆಮ್ಲ ಹೀರೋ ಜೇಡಿಮಣ್ಣಾದ ಫುಲ್ಲರ್ಸ್ ಅರ್ತ್‌ನಲ್ಲಿ ಎಣ್ಣೆ ಶುದ್ಧಿ ಮಾಡಿಸಿದವರಿದ್ರೆ, ಈ ಸೈಜಿನ ಟ್ರಾನ್ಸ್‌ಫಾರ್ಮರ್‌ಗೆ ಅದು ಗಿಟ್ಟುತ್ತಾ? ಹೊಸ ಭತ್ತ ಬರೋ ಮುಂಚೆ ಮುಗಿಸಬೇಕು, ಆಮೇಲೆ ಗಿರಣಿ ನಿಲ್ಲಿಸೋಕೆ ಆಗಲ್ಲ.